ಹನ್ನೊಂದು ಅಡಿ ದೂರದ ಪರದೇಶ

ಆ ಸೋಪಿನ ಕಾರ್ಖಾನೆಗೆ ಹತ್ತೊಂಬತ್ತು ವರ್ಷಗಳಿಂದ ಬೆಂಕಿ ಬಿದ್ದಿರಲಿಲ್ಲ. ಇದು ತಮ್ಮ ಸಾಧನೆ ಎಂದು ಅಲ್ಲಿನ ಸುರಕ್ಷತಾ ಸೂಪರ್‌ವೈಸರ್ ನಂಬಿದ್ದರು. ಸೋಪಿಗೆ ಅಷ್ಟು ಸುಲಭವಾಗಿ ಬೆಂಕಿ ಹತ್ತುವುದಿಲ್ಲ ಎಂದು ಉಳಿದವರು ನಂಬಿದ್ದರು. ಎರಡು ನಂಬಿಕೆಗಳೂ ಒಂದಕ್ಕೊಂದು ತೊಂದರೆ ಕೊಡದೆ ಬಾಳಿಕೊಂಡು ಬಂದಿದ್ದವು. ತಿಂಗಳಿಗೊಮ್ಮೆ ಸಾಹೇಬರು ಕೊರಳಿಗೆ ನೇತುಹಾಕಿಕೊಂಡ ವಿಷಲ್ ಊದುತ್ತಿದ್ದರು. ನಾನೂರು ಜನ ಕೆಲಸವನ್ನು ಇದ್ದಲ್ಲೇ ಬಿಟ್ಟು ಅಂಗಳಕ್ಕೆ ಓಡಿ ಸಾಲಾಗಿ ನಿಲ್ಲುತ್ತಿದ್ದರು. ಸಾಹೇಬರು ತಲೆ ಎಣಿಸಿ, ಸ್ಟಾಪ್‌ವಾಚು ನೋಡಿ, "ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ನಿಜವಾದ ಬೆಂಕಿ ಆಗಿದ್ರೆ ನಿಮ್ಮಲ್ಲಿ ಅರ್ಧ ಜನ ಉಳೀತಿರ್ಲಿಲ್ಲ" ಎಂದು ಶುಭ ಕೋರಿ ಕಳಿಸುತ್ತಿದ್ದರು. ಅವರಿಗೆ ತಾಲೀಮಪ್ಪ ಎಂದು ಹೆಸರು ಬಿದ್ದದ್ದು ಹೀಗೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಅವರ ಹೆಂಡತಿಗೇ ಬೇಗ ಜ್ಞಾಪಕಕ್ಕೆ ಬರುತ್ತಿರಲಿಲ್ಲ. ನಾವೂ ತಾಲೀಮಪ್ಪನವರು ಎಂದೇ ಕರೆಯೋಣ.

ತಾಲೀಮು ಅವರ ಉದ್ಯೋಗ ಮಾತ್ರ ಆಗಿದ್ದರೆ ಈ ಕಥೆಗೆ ಇಲ್ಲಿಗೇ ಮಂಗಳ ಹಾಡಬಹುದಿತ್ತು. ಅದು ಅವರ ರಕ್ತದಲ್ಲೇ ಇತ್ತು. ಮಗಳು ಹುಟ್ಟುವ ಮುಂಚೆ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ತಾಲೀಮನ್ನು ಆರು ಸಲ ಮಾಡಿಸಿದ್ದರು. ಏಳನೇ ಸಲ ನಿಜವಾಗಿಯೂ ನೋವು ಬಂದಾಗ ಹೆಂಡತಿ ತಾನೇ ಟ್ಯಾಕ್ಸಿ ಹಿಡಿದು ಹೋದಳು. ಆಗ ತಾಲೀಮಪ್ಪನವರು ಸ್ಟಾಪ್‌ವಾಚಿಗೆ ಕೀ ಕೊಡುತ್ತಾ ಬಾಗಿಲಲ್ಲೇ ನಿಂತಿದ್ದರಂತೆ.

ಆ ಮಗಳಿಗೆ ಈಗ ಹದಿನಾರು. ಹೈಸ್ಕೂಲಿನ ಮಕ್ಕಳನ್ನು ಒಂದು ವರ್ಷ ಪರದೇಶದ ಮನೆಯಲ್ಲಿಟ್ಟು, ಅಲ್ಲಿನ ಶಾಲೆಯಲ್ಲಿ ಓದಿಸಿ, ಮತ್ತೆ ವಾಪಸ್ ಕಳಿಸುವ ಒಂದು ವಿನಿಮಯ ಸಂಸ್ಥೆ ಇತ್ತು. ಹುಡುಗಿ ಎರಡು ವರ್ಷ ಅದರ ಬೆನ್ನು ಬಿದ್ದಿದ್ದಳು. ಹೋದ ವರ್ಷ ಕೈತಪ್ಪಿತ್ತು. ಈ ವರ್ಷ ಮುನ್ನೂರು ಜನರಲ್ಲಿ ನಾಲ್ವರನ್ನು ಆರಿಸಿದ್ದರು, ನಾಲ್ಕನೆಯವಳು ಇವಳು. ಆದರೆ ಕೊನೆಯ ಒಪ್ಪಿಗೆ ಪತ್ರ ಬರುವುದಕ್ಕೆ ಮುಂಚೆ ಸಂಸ್ಥೆಯ ಮೇಡಂ ಒಬ್ಬರು ಮನೆಗೆ ಬಂದು, ಮನೆಯನ್ನೂ ಮನೆಯವರನ್ನೂ ಕಣ್ಣಾರೆ ನೋಡಿ, ವರದಿ ಬರೆಯಬೇಕಿತ್ತು.

"ಅಪ್ಪ, ಮೇಡಂ ಬಂದು ಹೋಗೋವರೆಗೂ ದಯವಿಟ್ಟು ಏನೂ ಎಡವಟ್ಟು ಮಾಡ್ಬೇಡ" ಎಂದಳು ಮಗಳು.

"ನಾನ್ಯಾಕೆ ಎಡವಟ್ಟು ಮಾಡ್ಲಿ ಮರೀ?" ಎಂದರು ತಾಲೀಮಪ್ಪನವರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಸಂಸ್ಥೆ ಅರುವತ್ತನಾಲ್ಕು ಪುಟದ ಒಂದು ಹಸಿರು ಪುಸ್ತಕ ಕಳಿಸಿತ್ತು. ಅದರಲ್ಲಿ ಎಲ್ಲದಕ್ಕೂ ನಿಯಮವಿತ್ತು. ಮಗಳು ಒಂದು ಸಲ ಓದಿದಳು. ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ರೋಗಿಗಳ ಹೆಸರು ಕೂಗುವ ಕೆಲಸದ ಹೆಂಡತಿ ಹಾಳೆ ತಿರುವಿ ಹಾಕಿದಳು. ತಾಲೀಮಪ್ಪನವರು ಮೂರು ಸಲ ಓದಿ, ನಾಲ್ಕನೇ ಸಲ ಅಡಿಗೆರೆ ಎಳೆದು, ಐದನೇ ಸಲ ಎದ್ದು ನಿಂತರು.

"ಮೊದಲ ಎರಡು ವಾರ ಮನೆಯವರ ಜೊತೆ ಸಂಪರ್ಕ ಇರ್ಬಾರ್ದಂತೆ. ಭಾನುವಾರ ಹತ್ತು ನಿಮಿಷ ಫೋನು, ಅಷ್ಟೇ. ಯಾವತ್ತೂ ನೋಡಿಲ್ಲದ ಮನೆ, ಯಾವತ್ತೂ ನೋಡಿಲ್ಲದ ಜನ. ಒಂದು ತಾಲೀಮೂ ಇಲ್ದೆ ಮಗೂನ ಒಂದು ವರ್ಷ ಕಳಿಸೋದಾ?"

"ಪರದೇಶಕ್ಕೆ ಹೋಗೋ ತಾಲೀಮು ಎಲ್ಲಿ ಮಾಡಿಸ್ತೀರ್ರೀ?" ಎಂದಳು ಹೆಂಡತಿ. ಇದು ಕೇಳಬಾರದ ಪ್ರಶ್ನೆಯಾಗಿತ್ತು. ತಾಲೀಮಪ್ಪನವರು ಬಾಗಿಲು ತೆರೆದು ಎದುರು ಮನೆಯ ಬಾಗಿಲನ್ನೇ ದಿಟ್ಟಿಸಿ ನೋಡಿದರು.

ಮೂರನೇ ಮಹಡಿಯಲ್ಲಿ ಎರಡೇ ಮನೆ. ಬಾಗಿಲಿನಿಂದ ಬಾಗಿಲಿಗೆ ಹನ್ನೊಂದು ಅಡಿ, ತಾಲೀಮಪ್ಪನವರೇ ಟೇಪು ಹಿಡಿದು ಅಳೆದಿದ್ದರು. ಎದುರು ಮನೆಯಲ್ಲಿದ್ದದ್ದು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಅವರ ಹೆಂಡತಿ, ಹೆಂಡತಿಯ ತಾಯಿ. ಕಲಿಯುವವರ ಪಕ್ಕ ಕೂತು ಇಪ್ಪತ್ತು ವರ್ಷ ಬ್ರೇಕು ತುಳಿದೂ ತುಳಿದೂ, ಎದುರಿಗೆ ಯಾರಾದರೂ ಸ್ವಲ್ಪ ಜೋರಾಗಿ ಮಾತಾಡಿದರೆ ಮೇಷ್ಟ್ರ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಹದಿನೈದು ದಿನ ನಿಮ್ಮ ಮನೇಲಿ ನನ್ನ ಮಗಳು ಪರದೇಶದ ವಿದ್ಯಾರ್ಥಿನಿ ಥರ ಇರ್ಲಿ ಎಂದು ತಾಲೀಮಪ್ಪನವರು ಕೇಳಿದಾಗ ಮೇಷ್ಟ್ರ ಹೆಂಡತಿಯ ಮುಖ ಅರಳಿತು. ಖಾಲಿ ಬಿದ್ದಿದ್ದ ಚಿಕ್ಕ ಕೋಣೆಯ ಕಿಟಕಿ ತೆಗೆಯಲು ಆಕೆ ಆಗಲೇ ಎದ್ದು ಹೋದರು.

"ಆದ್ರೆ ಸಾರ್," ಎಂದರು ಮೇಷ್ಟ್ರು, "ವಿನಿಮಯ ಅಂದ್ಮೇಲೆ ನಮ್ಮ ಕಡೆಯಿಂದಲೂ ಒಬ್ರು ಬರ್ಬೇಕಲ್ವಾ? ಒಂದೇ ಕಡೆಯಿಂದ ಬಂದ್ರೆ ಅದು ವಿನಿಮಯ ಹೇಗಾಗುತ್ತೆ?"

ನಿಯಮದ ಮಾತು ಬಂದರೆ ತಾಲೀಮಪ್ಪನವರು ಸೋತುಬಿಡುತ್ತಿದ್ದರು. "ಸರಿ ಮೇಷ್ಟ್ರೇ, ಆದ್ರೆ ನಿಮ್ಮಲ್ಲಿ ಕಳಿಸೋದಕ್ಕೆ ಯಾರಿದ್ದಾರೆ?"

"ನಾನಿದ್ದೀನಿ" ಎಂದಿತು ಮೂಲೆಯ ಕುರ್ಚಿ.

ಮೇಷ್ಟ್ರ ಅತ್ತೆಗೆ ಎಪ್ಪತ್ತನಾಲ್ಕು ವರ್ಷ. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. "ಊರಿನವರ ಮಾತನ್ನೆಲ್ಲ ಪರದೇಶಕ್ಕೆ ಜೋಡಿಸಿದ್ದು ಈ ಕೈ" ಎಂದು ಅಜ್ಜಿ ಎರಡು ಬೆರಳು ಎತ್ತಿ ತೋರಿಸಿದರು. "ಎಷ್ಟು ದೇಶಕ್ಕೆ ಹಲೋ ಹೇಳಿದ್ದೀನಿ ಗೊತ್ತಾ? ಒಂದು ದೇಶಾನೂ ನೋಡಿಲ್ಲ. ಎಲ್ಲಿ, ಆ ಹಸಿರು ಪುಸ್ತಕ ಕೊಡಿ ಇಲ್ಲಿ."

ಪುಸ್ತಕ ಕೊಟ್ಟದ್ದೇ ತಪ್ಪಾಯಿತು. ಅಜ್ಜಿಯೂ ಅದನ್ನು ಐದು ಸಲ ಓದಿದರು.

ವಿನಿಮಯ ನಡೆದದ್ದು ಒಂದು ಮಂಗಳವಾರ, ಬೆಳಿಗ್ಗೆ ಎಂಟಕ್ಕೆ. ಮಗಳು ತನ್ನ ಸೂಟ್‌ಕೇಸು ಎಳೆದುಕೊಂಡು ಹನ್ನೊಂದು ಅಡಿ ದಾಟಿದಳು. ಕಾರಿಡಾರಿನ ಮಧ್ಯದಲ್ಲಿ ಅಜ್ಜಿ ಎದುರಾದರು. ಕೈಯಲ್ಲಿ ಒಂದು ಚೀಲ, ಕಂಕುಳಲ್ಲಿ ಹೆಣಿಗೆಯ ಉಲ್ಲನ್ ಉಂಡೆ, ಹಲ್ಲಿನ ಸೆಟ್ಟು ಇಡುವ ಗಾಜಿನ ಲೋಟ. ಇಬ್ಬರೂ ಗಂಭೀರವಾಗಿ ಕೈ ಕುಲುಕಿ ಮುಂದೆ ಹೋದರು. ತಾಲೀಮಪ್ಪನವರು ಸ್ಟಾಪ್‌ವಾಚು ಒತ್ತಿ, "ಐವತ್ತೆರಡು ಸೆಕೆಂಡು" ಎಂದರು. ಎದುರು ಬಾಗಿಲು ಮುಚ್ಚಿಕೊಂಡಿತು. ಅದು ಇಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಅಪ್ಪಾ, ನನ್ನ ರೂಮು ಎಲ್ಲಿ?" ಎಂದರು ಅಜ್ಜಿ.

ತಾಲೀಮಪ್ಪನವರು ಹಿಂದೆ ತಿರುಗಿ ನೋಡಿದರು. ತಮ್ಮ ತಂದೆ ತೀರಿಕೊಂಡು ಒಂಬತ್ತು ವರ್ಷವಾಗಿದ್ದರಿಂದ ಅಲ್ಲಿ ಯಾರೂ ಇರಲಿಲ್ಲ.

"ಅಜ್ಜೀ, ನೀವು ನನ್ನ ತಾಯಿ ವಯಸ್ಸಿನವ್ರು. ನನ್ನನ್ನ ಅಪ್ಪ ಅಂದ್ರೆ ಹೇಗೆ?"

"ಪುಟ ಒಂಬತ್ತು. ವಿದ್ಯಾರ್ಥಿಯು ಆತಿಥೇಯರನ್ನು ಸ್ವಂತ ತಂದೆತಾಯಿಯಂತೆ ಭಾವಿಸಿ ಹಾಗೆಯೇ ಸಂಬೋಧಿಸುವುದು ಒಳ್ಳೆಯದು" ಎಂದು ಅಜ್ಜಿ ಪುಸ್ತಕ ತೆರೆಯದೆಯೇ ಹೇಳಿದರು. "ಅಮ್ಮ ಎಲ್ಲಿ?"

ನಲವತ್ತನಾಲ್ಕರ ಅಮ್ಮ ಆಸ್ಪತ್ರೆಗೆ ಹೊರಟು ನಿಂತಿದ್ದಳು. "ಊಟದ ಡಬ್ಬಿ ಮೇಜಿನ ಮೇಲಿದೆ ಮಗಳೇ, ಹಟ ಮಾಡ್ದೆ ಪೂರ್ತಿ ತಿನ್ನು" ಎಂದು ಅಜ್ಜಿಯ ಕೆನ್ನೆ ತಟ್ಟಿ ಹೊರಟುಹೋದಳು. ಈ ಹೆಂಗಸಿಗೆ ಯಾವುದರಲ್ಲೂ ಗಂಭೀರತೆ ಇಲ್ಲ ಎಂದು ತಾಲೀಮಪ್ಪನವರು ನೊಂದುಕೊಂಡರು.

ನೊಂದುಕೊಳ್ಳಲು ಇನ್ನೂ ಬೇಕಾದಷ್ಟು ಬಾಕಿಯಿತ್ತು. ಪುಟ ಇಪ್ಪತ್ತಮೂರರ ಪ್ರಕಾರ ವಿದ್ಯಾರ್ಥಿಗೆ ಓದುವ ಮೇಜು ಬೇಕು, ಬೆಳಕು ಎಡಗಡೆಯಿಂದ ಬರಬೇಕು. ತಾಲೀಮಪ್ಪನವರ ಪೇಪರು ಓದುವ ಮೇಜು ಹೋಯಿತು. ಪುಟ ಹದಿನೆಂಟರ ಪ್ರಕಾರ ವಿದ್ಯಾರ್ಥಿ ಮನೆಗೆಲಸದಲ್ಲಿ ಪಾಲು ತೆಗೆದುಕೊಳ್ಳಬೇಕು. ಅಜ್ಜಿ ಎಲ್ಲವನ್ನೂ ತೂಗಿ ನೋಡಿ, ಊಟಕ್ಕೆ ಮುಂಚೆ ಮೇಜಿನ ಮೇಲೆ ಚಮಚ ಇಡುವ ಕೆಲಸವನ್ನು ಆರಿಸಿಕೊಂಡರು. ಪುಟ ಮೂವತ್ತೊಂದು ಎಲ್ಲಕ್ಕಿಂತ ಭಾರವಾಗಿತ್ತು. ವಿದ್ಯಾರ್ಥಿಗೆ ಮನೆಯ ನೆನಪು ಕಾಡಿದರೆ ಆತಿಥೇಯ ತಂದೆ ಆಕೆಯನ್ನು ವಾಯುವಿಹಾರಕ್ಕೆ ಕರೆದೊಯ್ದು, ಅಡ್ಡಮಾತಾಡದೆ, ಮನಸ್ಸಿಟ್ಟು ಆಕೆಯ ಮಾತು ಕೇಳತಕ್ಕದ್ದು.

ಅಜ್ಜಿಗೆ ದಿನಾ ಸಂಜೆ ಸರಿಯಾಗಿ ಐದೂವರೆಗೆ, ತಾಲೀಮಪ್ಪನವರು ಕಾರ್ಖಾನೆಯಿಂದ ಬಂದು ಬೂಟು ಬಿಚ್ಚಿದ ಕೂಡಲೇ, ಮನೆಯ ನೆನಪು ಕಾಡುತ್ತಿತ್ತು.

"ಅಪ್ಪಾ, ನನಗೆ ಮನೆ ನೆನಪಾಗ್ತಿದೆ."

"ಮನೆ ಅಲ್ಲೇ ಇದೆಯಲ್ಲ ಅಜ್ಜೀ, ಬಾಗಿಲು ತೆಗೆದ್ರೆ ಕಾಣುತ್ತೆ!"

"ಪರದೇಶದಲ್ಲಿ ಬಾಗಿಲು ತೆಗೆದ್ರೆ ಮನೆ ಕಾಣುತ್ತಾ? ಬೂಟು ಹಾಕ್ಕೊಳ್ಳಿ."

ಹೀಗೆ ಬೂಟು ಮತ್ತೆ ಕಾಲಿಗೇರುತ್ತಿತ್ತು. ಪಾರ್ಕಿಗೆ ಮೂರು ಸುತ್ತು. ಅಜ್ಜಿ ತಮ್ಮ ಸ್ವಿಚ್‌ಬೋರ್ಡಿನ ಕಥೆ ಹೇಳುತ್ತಿದ್ದರು. ಯಾರು ಯಾರಿಗೆ ಫೋನಿನಲ್ಲಿ ಏನಂದರು, ಯಾವ ಗಂಡಸು ಮೂರು ನಿಮಿಷದ ಕರೆ ಹಾಕಿಸಿ ಎರಡೂವರೆ ನಿಮಿಷ ಬರೀ ಉಸಿರಾಡಿದ, ಎಲ್ಲ. ತಾಲೀಮಪ್ಪನವರು ಮನಸ್ಸಿಟ್ಟು ಕೇಳುವವರಂತೆ ತಲೆ ಆಡಿಸುತ್ತಾ ಮೂರನೇ ಮಹಡಿಯ ಬಲಗಡೆಯ ಕಿಟಕಿಯನ್ನು ನೋಡುತ್ತಿದ್ದರು. ಆ ಕಿಟಕಿಯೊಳಗಿಂದ ಅವರ ಮಗಳು ನಗುವ ಸದ್ದು ಬರುತ್ತಿತ್ತು.

ನಗು! ಹೋದ ಎರಡನೇ ದಿನದಿಂದಲೇ ನಗು. ಹೊಸ ಜಾಗ, ಮಗು ಸೊರಗುತ್ತದೆ, ಊಟ ಸೇರುವುದಿಲ್ಲ, ಮೂರನೇ ದಿನ ಅಳುತ್ತಾ ಬಾಗಿಲು ಬಡಿಯುತ್ತಾಳೆ, ಆಗ ಧೈರ್ಯ ಹೇಳಿ ವಾಪಸ್ ಕಳಿಸಬೇಕು ಎಂದು ತಾಲೀಮಪ್ಪನವರು ಧೈರ್ಯದ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಚೀಟಿ ಜೇಬಿನಲ್ಲೇ ಮೆತ್ತಗಾಯಿತು. ಮೂರನೇ ದಿನ ಬಾಗಿಲಿನ ಕಿಂಡಿಗೆ ಕಣ್ಣಿಟ್ಟು ಕೂತರು. ನಾಲ್ಕನೇ ದಿನ ಆ ಕಿಂಡಿಯ ಹತ್ತಿರಕ್ಕೆ ಒಂದು ಸ್ಟೂಲು ಬಂತು. ಐದನೇ ದಿನ ಹೊರಗೆ ಹೋಗಿ ಎದುರು ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದಾಗ ಆ ಬಾಗಿಲು ತೆರೆಯಿತು.

"ಸಾರ್," ಎಂದರು ಮೇಷ್ಟ್ರು. ಅವರ ಬಲಗಾಲು ನೆಲವನ್ನು ಬಲವಾಗಿ ಒತ್ತಿತ್ತು. "ಪುಟ ಹನ್ನೊಂದು. ಸ್ವಂತ ಅಪ್ಪಂದಿರು ಅಡ್ಡ ಬರ್ಬಾರ್ದು. ದಯವಿಟ್ಟು ರಿವರ್ಸ್ ತಗೊಳ್ಳಿ."

"ಮೇಷ್ಟ್ರೇ, ನಾನು ಸುಮ್ನೆ ಈ ಬಾಗಿಲಿನ ಕೀಲು ಸರಿ ಇದೆಯಾ ಅಂತ..."

"ನಮ್ಮ ಹುಡುಗಿ ಓದ್ತಾ ಇದ್ದಾಳೆ ಸಾರ್" ಎಂದು ಮೇಷ್ಟ್ರು ಬಾಗಿಲು ಹಾಕಿಕೊಂಡರು. ನಮ್ಮ ಹುಡುಗಿಯಂತೆ! ತಾಲೀಮಪ್ಪನವರಿಗೆ ಆ ಸಂಜೆ ಊಟ ಸೇರಲಿಲ್ಲ.

ಭಾನುವಾರದ ಹತ್ತು ನಿಮಿಷ ಬಂತು. ತಾಲೀಮಪ್ಪನವರು ಹಾಲಿನ ಈ ತುದಿಯಿಂದ ಫೋನು ಮಾಡಿದರು. ಎದುರು ಮನೆಯಲ್ಲಿ ಗಂಟೆ ಹೊಡೆದದ್ದು ಫೋನಿಲ್ಲದೆಯೇ ಕೇಳಿಸಿತು.

"ಮರೀ, ಹೇಗಿದ್ದೀಯಾ? ಊಟ ಸೇರುತ್ತಾ?"

"ಚೆನ್ನಾಗಿದ್ದೀನಪ್ಪ. ನೀನು?"

"ನಾನು ಬಂಡೆಗಲ್ಲು. ನಿಂಗೆ ಮನೆ ನೆನಪಾಗುತ್ತಾ? ಅಳು ಬರುತ್ತಾ? ಬಂದ್ರೆ ಅತ್ತುಬಿಡು, ಒಳಗೆ ಇಟ್ಕೋಬೇಡ."

"ಇಲ್ಲಪ್ಪ. ಇವತ್ತು ನಾವು ಕಾರಿನ ಎಂಜಿನ್ ಬಿಚ್ಚಿದ್ವಿ! ಸರಿ, ಇಡ್ತೀನಿ, ಅಪ್ಪ ಕರೀತಿದ್ದಾರೆ."

"ಯಾವ ಅಪ್ಪ?" ಎಂದು ತಾಲೀಮಪ್ಪನವರು ಕೂಗಿದ್ದು ಇಡೀ ಕಾರಿಡಾರಿಗೆ ಕೇಳಿಸಿತು. ಎದುರು ಮನೆಯಲ್ಲಿ ಧಪ್ ಎಂದು ಯಾರೋ ಬ್ರೇಕು ತುಳಿದರು.

"ಹತ್ತು ನಿಮಿಷ ಆಯ್ತು, ಲೈನ್ ಕಟ್" ಎಂದು ಅಜ್ಜಿ ಹಿಂದಿನಿಂದ ಬಂದು, ಮೂವತ್ತಾರು ವರ್ಷದ ಅನುಭವದ ಎರಡು ಬೆರಳಿನಿಂದ ಫೋನು ಆರಿಸಿದರು. ಆಗಿದ್ದದ್ದು ನಾಲ್ಕೇ ನಿಮಿಷ. ಆದರೆ ತಾಲೀಮಪ್ಪನವರು ಸ್ಟಾಪ್‌ವಾಚು ಒತ್ತುವುದನ್ನೇ ಮರೆತಿದ್ದರು.

"ರೀ, ತಾಲೀಮು ಸಾಕು ಮಾಡಿ, ಕರ್ಕೊಂಡು ಬನ್ನಿ" ಎಂದಳು ಹೆಂಡತಿ. ಆಕೆಯ ದನಿ ಈ ಸಲ ತಮಾಷೆಯದಾಗಿರಲಿಲ್ಲ.

"ಹದಿನೈದು ದಿನ ಅಂದ್ರೆ ಹದಿನೈದು ದಿನ. ಮಧ್ಯದಲ್ಲಿ ನಿಲ್ಸಿದ್ರೆ ಅದು ತಾಲೀಮೇ ಅಲ್ಲ" ಎಂದು ತಾಲೀಮಪ್ಪನವರು ಕಿಂಡಿಯ ಕಡೆಗೆ ನಡೆದರು.

ಮೇಡಂ ಬರಬೇಕಾಗಿದ್ದದ್ದು ಹದಿನೈದು ದಿನ ಮುಗಿದು ಮಗಳು ವಾಪಸ್ ಬಂದ ಮೇಲಿನ ಭಾನುವಾರ. ಎಲ್ಲ ಲೆಕ್ಕಾಚಾರ ಹಾಗೇ ಇತ್ತು. ಆದರೆ ಮೇಡಂಗೆ ಬೇರೆ ಕಡೆ ಕೆಲಸ ಬಿತ್ತು. ಗುರುವಾರ ಮಧ್ಯಾಹ್ನ ಆಕೆ ಮನೆಗೆ ಫೋನು ಮಾಡಿದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಫೋನು ಎತ್ತಿದವರು ಅಜ್ಜಿ.

"ನಾನು ವಿನಿಮಯ ಸಂಸ್ಥೆಯಿಂದ. ವಿದ್ಯಾರ್ಥಿನಿಯನ್ನು ನೋಡೋಕೆ ಈ ಶನಿವಾರವೇ ಬರಬಹುದಾ?"

ಅಜ್ಜಿಗೆ ಇಂಥ ಸಂತೋಷ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ತಾಲೀಮು ಎಷ್ಟು ಅಚ್ಚುಕಟ್ಟು ನೋಡಿ, ತನಿಖೆಗೂ ಜನ ಏರ್ಪಾಡು ಮಾಡಿದ್ದಾರೆ ಎಂದು ಅವರು ಅಂದುಕೊಂಡರು. "ಖಂಡಿತ ಬನ್ನಿ ಮೇಡಂ, ವಿದ್ಯಾರ್ಥಿನಿ ಸಿದ್ಧವಾಗಿರ್ತಾಳೆ" ಎಂದು ಹಿಂದೆ ಲೈನು ಜೋಡಿಸುತ್ತಿದ್ದ ದನಿಯಲ್ಲೇ ಹೇಳಿ ಫೋನಿಟ್ಟರು. ತನಿಖೆಯ ವಿಷಯವನ್ನು ತನಿಖೆ ಏರ್ಪಾಡು ಮಾಡಿದವರಿಗೇ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ, ಅಂದರೆ ತಾಲೀಮಿನ ಹನ್ನೆರಡನೇ ದಿನ, ತಾಲೀಮಪ್ಪನವರು ಬನಿಯನ್ನು ಪಾಯಿಜಾಮದಲ್ಲಿ ಸ್ಟೂಲಿನ ಮೇಲೆ ಕೂತು ಕಿಂಡಿಯಲ್ಲಿ ನೋಡುತ್ತಿದ್ದಾಗ, ಕಿಂಡಿಯ ಆ ಕಡೆ ಒಂದು ದೊಡ್ಡ ಕಣ್ಣು ಕಾಣಿಸಿತು. ಅದರ ಮೇಲೆ ಕನ್ನಡಕ. ಕೆಳಗೆ, ಸಂಸ್ಥೆಯ ಬಿಲ್ಲೆ. ಅವರು ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದರು.

ಬಾಗಿಲು ತೆಗೆದದ್ದು ಅಜ್ಜಿ. ಇಸ್ತ್ರಿ ಮಾಡಿದ ಸೀರೆ, ಎರಡು ಜಡೆ, ಕೈಯಲ್ಲಿ ಪೆನ್ನು.

"ವಿದ್ಯಾರ್ಥಿನಿ ಎಲ್ಲಿ?" ಎಂದರು ಮೇಡಂ ಒಳಗೆ ಬಂದು ಕೂತು, ದಪ್ಪ ಫೈಲು ತೆರೆದು.

"ನಾನೇ" ಎಂದರು ಅಜ್ಜಿ.

ಮೇಡಂ ಫೈಲಿನ ಫೋಟೋ ನೋಡಿದರು, ಅಜ್ಜಿಯನ್ನು ನೋಡಿದರು. "ಅರ್ಜೀಲಿ ಹದಿನಾರು ವರ್ಷ ಅಂತಿದೆ."

"ಯಾರೋ ತಪ್ಪು ಬರೆದಿದ್ದಾರೆ. ಎಪ್ಪತ್ತನಾಲ್ಕು."

"ನಿಮ್ಮ... ತಂದೆ?"

"ಓ ಅಲ್ಲಿ, ನೆಲದ ಮೇಲೆ. ಅಪ್ಪಾ, ಏಳಿ, ಮೇಡಂ ಬಂದಿದ್ದಾರೆ."

ಪುಟ ನಾಲ್ಕು ತಾಲೀಮಪ್ಪನವರ ಕಣ್ಣ ಮುಂದೆ ದಪ್ಪ ಅಕ್ಷರದಲ್ಲಿ ಬಂದು ನಿಂತಿತು. ಅರ್ಜಿಯಲ್ಲಿ ಹೇಳಿದ ಮನೆಯಲ್ಲಿ ವಿದ್ಯಾರ್ಥಿ ವಾಸವಿಲ್ಲದಿದ್ದರೆ ಆಯ್ಕೆ ರದ್ದು. ಮಗಳ ಕೋಣೆಯಲ್ಲಿ ಮಗಳದ್ದು ಎನ್ನುವ ಒಂದು ಪಿನ್ನೂ ಇರಲಿಲ್ಲ. ಅಲ್ಲಿ ಉಲ್ಲನ್ ಉಂಡೆ ಇತ್ತು, ಮಾತ್ರೆ ಡಬ್ಬಿ ಇತ್ತು, ಹಲ್ಲಿನ ಸೆಟ್ಟಿನ ನೀರಿನ ಲೋಟ ಇತ್ತು. ಎರಡು ವರ್ಷ ಆ ಹುಡುಗಿ ಪಟ್ಟ ಪಾಡು, ಮುನ್ನೂರರಲ್ಲಿ ನಾಲ್ಕನೆಯವಳಾದದ್ದು, ಎಲ್ಲವೂ ಈ ಲೋಟದಲ್ಲಿ ಮುಳುಗುತ್ತಿತ್ತು. ಏನೂ ಎಡವಟ್ಟು ಮಾಡಬೇಡ ಎಂದು ಮಗು ಕೇಳಿಕೊಂಡಿದ್ದಳು, ಪಾಪ.

ಮೇಡಂ ಎದ್ದು ಕೋಣೆಯ ಕಡೆ ಹೊರಟರು. ಹೆಂಡತಿ ಅಡುಗೆಮನೆಯಿಂದ ಬಂದು ಹಣೆ ಚಚ್ಚಿಕೊಂಡು, "ರೀ, ನಡೆದದ್ದನ್ನ ಹೇಳಿಬಿಡಿ" ಎಂದು ಪಿಸುಗುಟ್ಟಿದಳು. ನಡೆದದ್ದನ್ನು ಹೇಳುವ ತಾಲೀಮು ತಾಲೀಮಪ್ಪನವರಿಗೆ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ. ಗೂಟಕ್ಕೆ ನೇತುಹಾಕಿದ್ದ ವಿಷಲ್ ತೆಗೆದು, ಕಾರಿಡಾರಿಗೆ ಹಾರಿ, ಕೆನ್ನೆ ಉಬ್ಬಿಸಿ ಊದಿದರು.

"ಬೆಂಕಿ ತಾಲೀಮು! ಎಲ್ರೂ ಕೆಳಗೆ! ಎಲ್ರೂ ಕೆಳಗೆ!"

ಅವರ ಲೆಕ್ಕ ಸರಳವಾಗಿತ್ತು. ಎಲ್ಲರೂ ಕೆಳಗೆ ಬಂದರೆ ಮಗಳೂ ಬರುತ್ತಾಳೆ. ಗದ್ದಲದಲ್ಲಿ ಅವಳ ಕೈ ಹಿಡಿದು ಮೇಡಂ ಮುಂದೆ ನಿಲ್ಲಿಸಿದರೆ ಆಯಿತು.

ನಾಲ್ಕು ಮಹಡಿಯ ಜನ ಬೈಯುತ್ತಾ ಇಳಿದರು. ಮೂರು ತಿಂಗಳಿಗೊಮ್ಮೆ ಈ ವಿಷಲ್ ಕೇಳಿ ಇಳಿದು ಇಳಿದು ಅವರಿಗೆ ಬೈಗುಳವೂ ಬಾಯಿಪಾಠವಾಗಿತ್ತು. ಕಟ್ಟಡದ ಸಂಘದ ಕಾರ್ಯದರ್ಶಿಗಳು ಅರ್ಧ ಗಡ್ಡ ಬೋಳಿಸಿಕೊಂಡು, ಉಳಿದರ್ಧಕ್ಕೆ ನೊರೆ ಹಚ್ಚಿಕೊಂಡು ಬಂದರು. ಮೇಡಂ ಫೈಲನ್ನು ಎದೆಗೆ ಅವುಚಿಕೊಂಡು, ಅಜ್ಜಿಯ ಕೈ ಹಿಡಿದು ಇಳಿದರು. ಹಾಗೆ ಕೈ ಹಿಡಿಸಿದ್ದು ಅಜ್ಜಿಯೇ. "ಹೆದರ್ಬೇಡಿ ಮೇಡಂ, ಅಪ್ಪ ದಿನಾ ಹೀಗೇ" ಎಂದು ಅವರು ಧೈರ್ಯ ಹೇಳುತ್ತಿದ್ದರು.

ಕೆಳಗೆ ಅಂಗಳದಲ್ಲಿ ಹತ್ತೊಂಬತ್ತು ವರ್ಷದ ಅಭ್ಯಾಸ ತಾಲೀಮಪ್ಪನವರ ಬಾಯಿಯಿಂದ ತಾನೇ ಹೊರಗೆ ಬಂತು. "ಮನೆವಾರು ಸಾಲು! ಯಾವ ಮನೆಯಿಂದ ಬಂದ್ರೋ ಆ ಮನೆಯ ಸಾಲು! ತಲೆ ಎಣಿಕೆ!"

ಹೇಳಿದ ಮೇಲೆ ಹೊಳೆಯಿತು, ಬೆಪ್ಪುತನ ಆಯಿತು ಅಂತ. ಮಗಳು ಅಪ್ಪನ ತಾಲೀಮಿನಲ್ಲೇ ಬೆಳೆದ ಹುಡುಗಿ. ನಿಯಮ ಅಂದರೆ ನಿಯಮ. ಅವಳು ನೇರವಾಗಿ ಹೋಗಿ ಮೇಷ್ಟ್ರಿಗೂ ಅವರ ಹೆಂಡತಿಗೂ ನಡುವೆ ನಿಂತಳು. ಕೈಯೆಲ್ಲ ಗ್ರೀಸು, ಮೂಗಿನ ಮೇಲೂ ಒಂದು ಚುಕ್ಕೆ. ಹನ್ನೆರಡು ದಿನದಲ್ಲಿ ಒಂದು ಚೂರು ಎತ್ತರವಾಗಿದ್ದಾಳೇನೋ ಎಂದು ತಾಲೀಮಪ್ಪನವರಿಗೆ ಅನ್ನಿಸಿತು.

"ಮೂರನೇ ಮಹಡಿ, ಎಡಮನೆ?" ಎಂದರು ಅವರು. ದನಿ ಏಕೋ ಸಣ್ಣಗಾಗಿತ್ತು.

"ಮೂರು" ಎಂದಳು ಹೆಂಡತಿ. "ನಾನು, ನೀವು, ಇವ್ರು." ಅಜ್ಜಿ ಕೈ ಎತ್ತಿ ತೋರಿಸಿದರು.

"ಬಲಮನೆ?"

"ಮೂರು ಸಾರ್" ಎಂದರು ಮೇಷ್ಟ್ರು ಹೆಮ್ಮೆಯಿಂದ. "ನಾನು, ನನ್ನ ಹೆಂಡ್ತಿ, ನಮ್ಮ ಹುಡುಗಿ."

ಎಣಿಕೆ ಸರಿಯಾಗಿತ್ತು. ಮೂರು ಮೂರು ಆರು. ತಾಲೀಮಪ್ಪನವರು ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ತಲೆಯನ್ನೂ ತಪ್ಪು ಎಣಿಸಿದವರಲ್ಲ. ಅವರು ಎಡಮನೆಯ ಸಾಲನ್ನು ನೋಡಿದರು, ಮತ್ತೊಮ್ಮೆ ನೋಡಿದರು.

"ಒಬ್ಬಳು ಕಮ್ಮಿ" ಎಂದರು.

ಹತ್ತೊಂಬತ್ತು ವರ್ಷದಲ್ಲಿ ಈ ಮಾತು ಅವರ ಬಾಯಿಂದ ಯಾರೂ ಕೇಳಿರಲಿಲ್ಲ.

"ಏನು? ಒಳಗೆ ಒಬ್ರು ಸಿಕ್ಕಿಹಾಕ್ಕೊಂಡಿದ್ದಾರಾ?" ಎಂದು ಕಾರ್ಯದರ್ಶಿಗಳು ಚೀರಿದರು. "ಅಯ್ಯೋ, ಇದು ತಾಲೀಮಲ್ಲ, ನಿಜ! ನಿಜವಾದ ಬೆಂಕಿ!" ಅವರು ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರು ಕಿತ್ತುಕೊಂಡು ಪಿನ್ನು ಎಳೆದರು. ಯಾವ ಕಡೆ ಹಿಡಿಯಬೇಕೆಂಬುದನ್ನು ತಾಲೀಮಪ್ಪನವರು ಅವರಿಗೆ ಇಪ್ಪತ್ತು ಸಲ ಕಲಿಸಿದ್ದರು, ಅವರು ಇಪ್ಪತ್ತು ಸಲವೂ ಕೇಳಿರಲಿಲ್ಲ. ಬುಸ್ ಎಂದು ಹಾರಿದ ನೊರೆ ಮೊದಲು ಅವರ ಬೋಳಿಸಿದ ಅರ್ಧ ಗಡ್ಡಕ್ಕೆ ಬಿತ್ತು, ಅಲ್ಲಿಂದ ಮೇಡಂ ಬೂಟಿಗೆ, ಬೂಟಿನಿಂದ ಫೈಲಿಗೆ. ಮೂವರು ಮೆಟ್ಟಿಲ ಕಡೆ ಓಡಿದರು, ಇಬ್ಬರು ಗೇಟಿನ ಕಡೆ. ಮೇಷ್ಟ್ರು ಎರಡೂ ಕಾಲಿನಿಂದ ಬ್ರೇಕು ತುಳಿಯುತ್ತಾ "ನಿಲ್ಲಿ ನಿಲ್ಲಿ ನಿಲ್ಲಿ" ಎಂದರು.

"ಅಪ್ಪಾ!"

ಮಗಳು ಸಾಲು ಬಿಟ್ಟು ಬಂದಿದ್ದಳು. "ಅಪ್ಪಾ, ಯಾರೂ ಕಮ್ಮಿ ಇಲ್ಲ. ನಾನು ಇಲ್ಲೇ ಇದ್ದೀನಲ್ಲ."

ಆಗ ತಾಲೀಮಪ್ಪನವರು ಅಷ್ಟು ಜನರ ಎದುರಿಗೆ, ಬನಿಯನ್ನು ಪಾಯಿಜಾಮದಲ್ಲಿ, ವಿಷಲ್ ಬಾಯಲ್ಲಿಟ್ಟುಕೊಂಡೇ ಅತ್ತುಬಿಟ್ಟರು. ಒಂದೊಂದು ಬಿಕ್ಕಿಗೂ ವಿಷಲ್ ಸಣ್ಣಗೆ ಊದಿಕೊಳ್ಳುತ್ತಿತ್ತು. ಹೆಂಡತಿ ಬಂದು ಅದನ್ನು ಬಾಯಿಂದ ತೆಗೆದಳು.

"ಹನ್ನೆರಡೇ ದಿನ ಮೇಡಂ" ಎಂದರು ಅವರು. "ಹನ್ನೊಂದೇ ಅಡಿ. ಅವಳಿಗೆ ಕಷ್ಟ ಆಗ್ಬಾರ್ದು ಅಂತ ಎದುರು ಮನೇಲಿ ಬಿಟ್ಟು ತಾಲೀಮು ಮಾಡಿಸ್ದೆ. ಅವಳಿಗೇನೂ ಆಗ್ಲಿಲ್ಲ. ನನಗೇ ತಡ್ಕೊಳ್ಳೋಕೆ ಆಗ್ತಿಲ್ಲ."

ಮಗಳ ಮುಖ ಬಿಳಿಚಿಕೊಂಡಿತು. ಗ್ರೀಸಿನ ಚುಕ್ಕೆ ಮಾತ್ರ ಕಪ್ಪಗೆ ಉಳಿಯಿತು. "ಹಾಗಾದ್ರೆ... ನಾನು ಹೋಗೋದು ಬೇಡ್ವಾ ಅಪ್ಪ?"

ತಾಲೀಮಪ್ಪನವರು ಮೂಗು ಒರೆಸಿಕೊಂಡರು. ತಾಲೀಮಿನ ವಿಷಯದಲ್ಲಿ ಅವರು ಎಂದೂ ಸುಳ್ಳು ವರದಿ ಕೊಟ್ಟವರಲ್ಲ. "ಬೇಡ ಅಂತ ಯಾರಂದ್ರು? ನೀನು ಪಾಸು. ಫೇಲಾಗಿದ್ದು ನಾನು. ಫೇಲಾದವನು ಇಲ್ಲಿ ಕೂತು ಮತ್ತೆ ಕಲೀತಾನೆ. ಪಾಸಾದವಳು ಹೋಗ್ಬೇಕು. ಮೇಡಂ, ನನ್ನ ತಪ್ಪಿಗೆ ಇವಳ ಪತ್ರ ನಿಲ್ಲಿಸ್ಬೇಡಿ, ನಿಮ್ಮ ದಮ್ಮಯ್ಯ."

ಮೇಡಂ ಫೈಲಿನ ಮೇಲಿನ ನೊರೆ ಒರೆಸಿ, ಕೊನೆಯ ಹಾಳೆ ತೆರೆದರು. ಕಾರ್ಯದರ್ಶಿಗಳೂ ನೊರೆಯೊಳಗಿಂದ ಬಗ್ಗಿ ನೋಡಿದರು.

"ಇಲ್ಲಿ ಒಂದು ಪ್ರಶ್ನೆ ಇದೆ. ತಂದೆತಾಯಿ ಅಗಲಿಕೆಗೆ ಸಿದ್ಧರೇ ಅಂತ" ಎಂದರು ಮೇಡಂ. "ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಹೋಗಿ ಕೇಳ್ತಿದ್ದೀನಿ. ಎಲ್ಲ ಅಪ್ಪಂದಿರೂ ಎದೆ ಉಬ್ಬಿಸಿ ಸಿದ್ಧ ಅಂತಾರೆ. ಮಗು ವಿಮಾನ ಹತ್ತಿದ ಮೂರನೇ ದಿನ ನಂಗೆ ಫೋನ್ ಮಾಡಿ, ಮೇಡಂ ವಾಪಸ್ ಕರೆಸಿ ಅಂತ ಗೋಳಾಡ್ತಾರೆ. ನೀವು ಮುಂಚೆನೇ ಅತ್ತು ಮುಗಿಸಿದ್ದೀರ. ನನಗೆ ಒಂದು ಫೋನು ಉಳೀತು." ಆಕೆ ಏನೋ ಬರೆದು ಸಹಿ ಹಾಕಿದರು. "ಹುಡುಗಿ ಹೋಗ್ಬಹುದು. ಪತ್ರ ಸೋಮವಾರ ಬರುತ್ತೆ."

ಹುಡುಗಿ ಮೊದಲು ಮೇಡಂ ಅವರನ್ನು ತಬ್ಬಿಕೊಂಡಳು, ಆಮೇಲೆ ಅಮ್ಮನನ್ನು, ಆಮೇಲೆ ಅಪ್ಪನ ಬಿಳಿ ಬನಿಯನ್ನಿನ ತುಂಬ ಗ್ರೀಸು ಬಳಿದಳು. ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡರು.

"ನನ್ನ ವರದಿ?" ಎಂದರು ಅಜ್ಜಿ.

ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇನ್ನೊಂದು ಹಾಳೆ ಹರಿದು, "ಹೊಂದಾಣಿಕೆ ಅತ್ಯುತ್ತಮ" ಎಂದು ಬರೆದು, ಅದಕ್ಕೂ ಸಹಿ ಹಾಕಿ ಕೊಟ್ಟರು. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು.

ಮಗಳು ಅವತ್ತೇ ಸೂಟ್‌ಕೇಸು ಎಳೆದುಕೊಂಡು ಮನೆಗೆ ಬಂದಳು. ಅಜ್ಜಿ ಮಾತ್ರ ವಾಪಸ್ ಹೋಗಲಿಲ್ಲ. "ಪರದೇಶಕ್ಕೆ ಹೋಗೋದು ಒಂದು ವರ್ಷಕ್ಕೆ. ಹನ್ನೆರಡು ದಿನಕ್ಕೆ ಓಡಿ ಬಂದ್ರೆ ಜನ ಏನಂತಾರೆ?" ಎಂದರು. ಹಸಿರು ಪುಸ್ತಕದಲ್ಲಿ 'ವಿದ್ಯಾರ್ಥಿ ತಾನಾಗಿ ಬಯಸಿದರಲ್ಲದೆ ಮಧ್ಯದಲ್ಲಿ ವಾಪಸ್ ಕಳಿಸತಕ್ಕದ್ದಲ್ಲ' ಎಂದು ಪುಟ ನಲವತ್ತರಲ್ಲಿ ಇತ್ತು. ಮೇಷ್ಟ್ರು ತಕರಾರು ಮಾಡಲಿಲ್ಲ. ಮಗಳು ಹೊರಡುವವರೆಗಿನ ಎರಡೂವರೆ ತಿಂಗಳು ಅವಳೂ ಅಜ್ಜಿಯೂ ಒಂದೇ ಕೋಣೆಯಲ್ಲಿ ಮಲಗಿದರು. ಮಗಳ ಸಾಮಾನು ಕಟ್ಟಿದ್ದೂ ಅಜ್ಜಿಯೇ. ಹೆಣೆಯುತ್ತಿದ್ದ ಸ್ವೆಟರು ಅದರ ಮೇಲಿನ ಪದರಕ್ಕೆ ಹೋಯಿತು.

ಹೊರಡುವ ದಿನದ ಬೀಳ್ಕೊಡುಗೆಗೆ ತಾಲೀಮಪ್ಪನವರು ಮೂರು ತಾಲೀಮು ಮಾಡಿಸಿದ್ದರು. ಅಪ್ಪುಗೆ, ಎರಡು ಬುದ್ಧಿಮಾತು, ಕೈ ಬೀಸುವುದು, ಒಟ್ಟು ನಲವತ್ತು ಸೆಕೆಂಡು. ವಿಮಾನ ನಿಲ್ದಾಣದಲ್ಲಿ ಮಗಳು ಕತ್ತಿಗೆ ಜೋತುಬಿದ್ದಾಗ ಬುದ್ಧಿಮಾತು ಎರಡೂ ಮರೆತುಹೋದವು. "ಹೋಗ್ಬಾ ಮರೀ" ಎಂದಷ್ಟೇ ಹೇಳಿದರು. ಅವಳು ಗಾಜಿನ ಬಾಗಿಲಿನ ಆ ಕಡೆ ತಿರುಗಿ ಕೈ ಬೀಸಿದಳು, ಬಾಗಿಲು ಮುಚ್ಚಿಕೊಂಡಿತು.

ಮನೆಗೆ ಬಂದಾಗ ಸಂಜೆಯಾಗಿತ್ತು. ಹೆಂಡತಿ ಒಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಾ ಬಹಳ ಹೊತ್ತು ನಿಂತಳು. ತಾಲೀಮಪ್ಪನವರು ಬೂಟು ಬಿಚ್ಚಿ ಕೂತರು. ಜೇಬಿನಲ್ಲಿ ಏನೋ ಟಿಕ್ ಟಿಕ್ ಎನ್ನುತ್ತಿತ್ತು. ಸ್ಟಾಪ್‌ವಾಚು. ಅಪ್ಪುಗೆ ಶುರುವಾದಾಗ ಒತ್ತಿದ್ದರು, ನಿಲ್ಲಿಸಲು ಮರೆತಿದ್ದರು. ಒತ್ತಿ ಐದು ಗಂಟೆ ಹದಿನಾರು ನಿಮಿಷ ಆಗಿತ್ತು, ಮುಳ್ಳು ಇನ್ನೂ ಓಡುತ್ತಿತ್ತು. ನಿಲ್ಲಿಸಲು ಹೋದ ಹೆಬ್ಬೆರಳು ಹಿಂದಕ್ಕೆ ಬಂತು. ಮಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಆ ಕಡೆ ನೋಡಲು ಅವರಿಗೆ ಧೈರ್ಯ ಸಾಲಲಿಲ್ಲ.

ಗೋಡೆಯ ಗಡಿಯಾರ ಐದೂವರೆ ತೋರಿಸಿತು.

"ಅಪ್ಪಾ" ಎಂದಿತು ಕೋಣೆಯ ಒಳಗಿನಿಂದ ಒಂದು ದನಿ. "ನನಗೆ ಮನೆ ನೆನಪಾಗ್ತಿದೆ."

ತಾಲೀಮಪ್ಪನವರು ಬಿಚ್ಚಿದ ಬೂಟನ್ನು ಹತ್ತಿರ ಎಳೆದುಕೊಂಡರು.

"ಬಂದೆ ಮಗಳೇ" ಎಂದರು. "ಶಾಲು ಹೊದ್ಕೋ, ಹೊರಗೆ ಗಾಳಿ ಇದೆ."